ಕಪ್ ನಮ್ದೇ, ಸಾಲ ಯಾರ್ದು?

ಆಟದ ವಿಷಯ ಬಂದಾಗ ನಮ್ಮ ಸರ್ವನಾಮಗಳು ಹೇಗೆ ಬಣ್ಣ ಬದಲಾಯಿಸುತ್ತವೆ ಅನ್ನುವುದನ್ನು ಗಮನಿಸಿದ್ದೀರಾ? ಗೆದ್ದ ಮರುದಿನ ಆಫೀಸಿನ ಕಾಫಿ ಮೆಷಿನ್ ಹತ್ತಿರ ‘ನಿನ್ನೆ ನಾವು ಗೆದ್ವಿ’. ಸೋತ ಮರುದಿನ ಅದೇ ಬಾಯಲ್ಲಿ ‘ಏನ್ ಆಡ್ತಾರ್ರೀ ಅವ್ರು’. ರಾಬರ್ಟ್ ಚಾಲ್ಡಿನಿ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಮತ್ತು ಅವರ ಸಂಗಡಿಗರು 1976ರಲ್ಲೇ ಇದನ್ನು ಕಾಲೇಜು ಹುಡುಗರಲ್ಲಿ ಪರೀಕ್ಷಿಸಿ ಪ್ರಬಂಧ ಬರೆದಿದ್ದಾರೆ: ತಮ್ಮ ಕಾಲೇಜಿನ ತಂಡ ಗೆದ್ದರೆ ‘ನಾವು’ ಜಾಸ್ತಿ, ಸೋತರೆ ಕಡಿಮೆ. ‘ಈ ಸಲ ಕಪ್ ನಮ್ದೇ’ ಅಂತ ವರ್ಷಗಟ್ಟಲೆ ಕೂಗಿದ ನಮಗೆ ಇದನ್ನು ತಿಳಿಯಲು ಅಮೆರಿಕದ ತನಕ ಹೋಗಬೇಕಿರಲಿಲ್ಲ.

ನನ್ನನ್ನು ಕಾಡುತ್ತಿರುವುದು ಮೂರನೆಯ ಸ್ಥಿತಿ. ತಂಡ ಗೆಲ್ಲಲಿಲ್ಲ, ಸೋಲಲಿಲ್ಲ. ಅದನ್ನು ನಡೆಸುತ್ತಿದ್ದ ಕ್ಲಬ್ಬು ದಿವಾಳಿಯಾಯಿತು. ಆಗ ಯಾವ ಸರ್ವನಾಮ ಬಳಸಬೇಕು? ‘ನಾವು ದಿವಾಳಿ ಎದ್ದೆವು’ ಎಂದು ಯಾವ ಅಭಿಮಾನಿಯೂ ಹೇಳಿದ್ದನ್ನು ನಾನು ಕೇಳಿಲ್ಲ.

ನಾನು ಬೆಳೆದದ್ದು ರಾಣೆಬೆನ್ನೂರಿನಲ್ಲಿ. ಅಲ್ಲಿ ಫುಟ್‌ಬಾಲ್ ಅಂದರೆ ಪಿ.ಟಿ. ಮೇಷ್ಟ್ರ ಕೋಣೆಯಲ್ಲಿ ಗಾಳಿ ಹೋಗಿ ಬಿದ್ದಿರುತ್ತಿದ್ದ ಒಂದು ಚೆಂಡು. 1990ರ ವಿಶ್ವಕಪ್ಪಿನ ಮೊದಲ ಪಂದ್ಯದಲ್ಲಿ ಮರಡೋನಾನ ಅರ್ಜೆಂಟೀನಾವನ್ನು ಕ್ಯಾಮರೂನ್ 1–0ರಿಂದ ಸೋಲಿಸಿದ್ದನ್ನು ದೂರದರ್ಶನದಲ್ಲಿ ನೋಡಿದಾಗಿನಿಂದ ಈ ಹುಚ್ಚು. ಕ್ಯಾಮರೂನ್ ಭೂಪಟದಲ್ಲಿ ಎಲ್ಲಿದೆ ಅಂತ ಗೊತ್ತಿಲ್ಲದೆ ಒಂದು ತಿಂಗಳು ಕ್ಯಾಮರೂನಿನವನಾಗಿದ್ದೆ. ವಿಶ್ವಕಪ್ಪಿನ ‘ನಾವು’ ಅಂಥದ್ದು. ನಾಲ್ಕು ವರ್ಷಕ್ಕೊಮ್ಮೆ ಬಾಡಿಗೆಗೆ ಸಿಗುತ್ತದೆ. 2022ರಲ್ಲಿ ಕೋಝಿಕ್ಕೋಡ್ ಹತ್ತಿರದ ಪುಲ್ಲಾವೂರಿನಲ್ಲಿ ಹೊಳೆಯ ನಡುವೆ ಮೆಸ್ಸಿಯ ದೈತ್ಯ ಕಟೌಟ್ ನಿಲ್ಲಿಸಿದವರು ಅರ್ಜೆಂಟೀನಾದ ಸಾಲಕ್ಕೆ ಹೊಣೆಯಲ್ಲ, ಆ ದೇಶಕ್ಕೆ ಸಾಲವೇನೂ ಕಡಿಮೆ ಇಲ್ಲದಿದ್ದರೂ.

ಭಾರತ ತಂಡದ ‘ನಾವು’ ಬೇರೆ. ಅದು ಹುಟ್ಟಿನಿಂದ ಬಂದದ್ದು, ಆದರೂ ನಾವು ಅದನ್ನು ಬಳಸುವುದೇ ಅಪರೂಪ. 2018ರ ಜೂನ್‌ನಲ್ಲಿ ಮುಂಬೈ ಅಂಧೇರಿಯಲ್ಲಿ ಭಾರತ 5–0ಯಿಂದ ಚೈನೀಸ್ ತೈಪೆಯನ್ನು ಸೋಲಿಸಿದಾಗ ಕ್ರೀಡಾಂಗಣ ಬಹುಪಾಲು ಖಾಲಿ. ಮರುದಿನ ಸುನಿಲ್ ಛೇತ್ರಿ ಒಂದು ವಿಡಿಯೋ ಹಾಕಿ ಕೈಮುಗಿದು ಕೇಳಿಕೊಂಡ: ಬೈಯುವುದಿದ್ದರೂ ಬೈಯಿರಿ, ಆದರೆ ಬಂದು ಬೈಯಿರಿ. ಕೀನ್ಯಾ ಎದುರಿನ ಮುಂದಿನ ಪಂದ್ಯ ಛೇತ್ರಿಯ ನೂರನೆಯದು; ಟಿಕೆಟ್ಟೆಲ್ಲ ಖಾಲಿ. ನಾನಾಗ ಪುಣೆಯಲ್ಲಿದ್ದೆ. ಶಿವನೇರಿ ಬಸ್ಸು ಹಿಡಿದು ಹೋಗಿ ಮಳೆಯಲ್ಲಿ ನೆನೆದು 3–0 ಗೆಲುವು ನೋಡಿ ಬಂದೆ. ಮೂರು ದಿನ ಶೀತ. ಛೇತ್ರಿಯ ಮಾತಿನಲ್ಲಿ ನನಗೆ ಹಿಡಿಸಿದ್ದು ಇದು: ‘ನಾವು’ ಅನ್ನುವುದು ಪುಕ್ಕಟೆಯಲ್ಲ, ಕನಿಷ್ಠ ಬಂದು ಕೂರಬೇಕು.

ಇನ್ನು ಕ್ಲಬ್ಬು. ಇಲ್ಲಿ ‘ನಾವು’ ಹುಟ್ಟಿನಿಂದ ಬಂದದ್ದೂ ಅಲ್ಲ, ಬಾಡಿಗೆಯದೂ ಅಲ್ಲ. ನಾವಾಗಿಯೇ ಆರಿಸಿಕೊಂಡದ್ದು, ಮದುವೆಯ ಹಾಗೆ. ಪುಣೆಯಲ್ಲಿದ್ದಾಗ ಬಾಲೆವಾಡಿಗೆ ಹೋಗಿ ಎಫ್‌ಸಿ ಪುಣೆ ಸಿಟಿಯ ಪಂದ್ಯ ನೋಡುತ್ತಿದ್ದೆ. 2014ರಲ್ಲಿ ಹುಟ್ಟಿದ ಆ ಕ್ಲಬ್ಬು ಹಣದ ತೊಂದರೆಯಲ್ಲಿ 2019ಕ್ಕೆ ಮುಚ್ಚಿತು. ಐಎಸ್‌ಎಲ್‌ನಲ್ಲಿ ಅದರ ಜಾಗಕ್ಕೆ ಬಂದದ್ದು ಹೈದರಾಬಾದ್ ಎಫ್‌ಸಿ. ಅದೇ ವರ್ಷ ಕಂಪನಿ ನನ್ನನ್ನೂ ಹೈದರಾಬಾದಿಗೆ ಎತ್ತಿ ಹಾಕಿತ್ತು. ಗಚ್ಚಿಬೌಲಿಯ ಬಾಲಯೋಗಿ ಕ್ರೀಡಾಂಗಣ ನಮ್ಮ ಆಫೀಸಿನಿಂದ ನಡೆದು ಹೋಗುವ ದೂರ. ವಲಸೆಯಲ್ಲಿ ಜೊತೆ ಸಿಕ್ಕಿತೆಂದು ಹಳದಿ ಜೆರ್ಸಿ ಕೊಂಡೆ.

2022ರ ಮಾರ್ಚ್ 20, ಗೋವಾದ ಫತೋರ್ಡಾ, ಫೈನಲ್. ಕೇರಳ ಬ್ಲಾಸ್ಟರ್ಸ್ ಮುಂದಿತ್ತು. ಇನ್ನೆರಡು ನಿಮಿಷ ಇರುವಾಗ ಸಾಹಿಲ್ ತವೋರಾ ದೂರದಿಂದ ಹೊಡೆದ ಚೆಂಡು ಗೋಲಿನ ಮೂಲೆಗೆ ಹೋಯಿತು. ಪೆನಾಲ್ಟಿ ಹಂತದಲ್ಲಿ ಲಕ್ಷ್ಮೀಕಾಂತ ಕಟ್ಟಿಮನಿ ಮೂರು ತಡೆದ. ಹೆಸರು ಕೇಳಿ ಇವನು ನಮ್ಮ ಬೆಳಗಾವಿ ಕಡೆಯವನೇ ಇರಬೇಕು ಅಂದುಕೊಳ್ಳುತ್ತೇವೆ, ಹುಡುಗ ಗೋವಾದವನು. ಇರಲಿ, ಆ ರಾತ್ರಿ ಅವನು ನಮ್ಮವನೇ. ‘ನಾವು ಗೆದ್ವಿ’ ಎಂದು ನಾನು ಮನೆಯವರಿಗೆಲ್ಲ ಕನ್ನಡದಲ್ಲೂ ಪಕ್ಕದ ಫ್ಲ್ಯಾಟಿನವರಿಗೆ ಹರುಕುಮುರುಕು ತೆಲುಗಿನಲ್ಲೂ ಹೇಳಿದೆ.

ಒಂದೂವರೆ ವರ್ಷ ಕಳೆಯುವಷ್ಟರಲ್ಲಿ ಸಂಬಳ ಬಾಕಿಯ ಸುದ್ದಿ. ಹಳೆಯ ಆಟಗಾರರ ಬಾಕಿ ತೀರಿಸಲಿಲ್ಲವೆಂದು ಹೊಸಬರ ನೋಂದಣಿಗೆ ಫಿಫಾ ನಿಷೇಧ. ವಿದೇಶಿ ಆಟಗಾರರು ಹೊರಟುಹೋದರು; ಎಳೆ ಹುಡುಗರನ್ನಿಟ್ಟುಕೊಂಡು 2023–24ರ ಋತುವಿನ 22 ಪಂದ್ಯಗಳಲ್ಲಿ ಗೆದ್ದದ್ದು ಒಂದು. ಮಾಲೀಕರು ಬದಲಾದರು. 2025ರಲ್ಲಿ ಕ್ಲಬ್ಬು ದೆಹಲಿಗೆ ಗಂಟುಮೂಟೆ ಕಟ್ಟಿ ಸ್ಪೋರ್ಟಿಂಗ್ ಕ್ಲಬ್ ಡೆಲ್ಲಿ ಎಂಬ ಹೊಸ ಹೆಸರಿಟ್ಟುಕೊಂಡಿತು.

ಆ ಋತುವಿನ ಉದ್ದಕ್ಕೂ ಅಭಿಮಾನಿಗಳ ಮಾತು ಒಂದೇ ಧಾಟಿಯಲ್ಲಿತ್ತು: ನಮಗೆ ಮೋಸವಾಯಿತು. ಮೋಸವಾದದ್ದು ನಿಜ. ಆದರೆ ದಿವಾಳಿಯ ಸಾಲಿನಲ್ಲಿ ನಿಂತವರ ಪೈಕಿ ನಾವು ಎಷ್ಟನೆಯವರು?

ಈ ಪ್ರಶ್ನೆಗೆ ಇಂಗ್ಲೆಂಡಿನಲ್ಲಿ ಲಿಖಿತ ಉತ್ತರಗಳೇ ಇವೆ, ಅಲ್ಲಿ ಕ್ಲಬ್ಬು ಮುಳುಗುವುದು ಹಳೆಯ ರೂಢಿ. ಪೋರ್ಟ್ಸ್‌ಮತ್ ಕ್ಲಬ್ಬು ದುಬಾರಿ ಆಟಗಾರರನ್ನು ಕಟ್ಟಿಕೊಂಡು 2008ರಲ್ಲಿ ಎಫ್‌ಎ ಕಪ್ ಗೆದ್ದಿತು. ಎರಡು ವರ್ಷಕ್ಕೆ ದಿವಾಳಿ ಪ್ರಕ್ರಿಯೆ. ಬಾಕಿ ಬರಬೇಕಾದವರ ಪಟ್ಟಿಯಲ್ಲಿ ಸೇಂಟ್ ಜಾನ್ ಆಂಬ್ಯುಲೆನ್ಸ್ ಇತ್ತು, ಮೈದಾನದ ಅಂಚಿನಲ್ಲಿ ಸ್ಟ್ರೆಚರ್ ಹಿಡಿದು ನಿಲ್ಲುವ ಸ್ವಯಂಸೇವಕರ ಸಂಸ್ಥೆ. ಅವರಿಗೆ ಬರಬೇಕಿದ್ದದ್ದು ಸುಮಾರು 2700 ಪೌಂಡ್. ಅಲ್ಲಿನ ಲೀಗುಗಳ ನಿಯಮ ಹೇಗಿದೆಯೆಂದರೆ, ಆಟಗಾರರಿಗೆ ಮತ್ತು ಇತರ ಕ್ಲಬ್ಬುಗಳಿಗೆ ಪೂರ್ತಿ ಬಾಕಿ ಕೊಡಬೇಕು, ಇಲ್ಲದಿದ್ದರೆ ಲೀಗಿನಲ್ಲಿ ಜಾಗವಿಲ್ಲ. ಉಳಿದವರಿಗೆ ಉಳಿದದ್ದು. ಪೋರ್ಟ್ಸ್‌ಮತ್‌ನಲ್ಲಿ ಆ ಉಳಿದವರ ಜೊತೆ ಆದ ಒಪ್ಪಂದ ಪೌಂಡಿಗೆ 20 ಪೆನ್ನಿ. ತೆರಿಗೆ ಇಲಾಖೆ ಈ ನಿಯಮವನ್ನೇ ಪ್ರಶ್ನಿಸಿ ಕೋರ್ಟಿಗೆ ಹೋಗಿ 2012ರಲ್ಲಿ ಸೋತಿತು.

ಇದು ನನ್ನ ಕೆಲಸದಲ್ಲೂ ಕಂಡ ಚಿತ್ರ. ನಮ್ಮ ಗ್ರಾಹಕ ಕಂಪನಿಯೊಂದು ಕೆಲವು ವರ್ಷಗಳ ಹಿಂದೆ ದಿವಾಳಿ ಕಾಯ್ದೆಯಡಿ ಎನ್‌ಸಿಎಲ್‌ಟಿ ಮೆಟ್ಟಿಲೇರಿತು. ನಮ್ಮ ಇನ್ವಾಯ್ಸುಗಳೂ ಸಿಕ್ಕಿಹಾಕಿಕೊಂಡವು, ಆದರೆ ನಮಗೆ ವಕೀಲರ ಪಡೆಯಿತ್ತು. ಆ ಕಂಪನಿಯ ಫ್ಲೋರಿಗೆ ಚಹಾ, ಇಡ್ಲಿ ಕೊಡುತ್ತಿದ್ದವನು ರಾಯಚೂರಿನವನು. ನಾನೇ ಫಾರ್ಮ್ ಬಿ ಡೌನ್‌ಲೋಡ್ ಮಾಡಿಕೊಂಡು ಹೋಗಿ ತುಂಬೋಣ ಬಾ ಅಂದೆ. ‘ಬಿಡ್ರಿ ಸರ್, ಅದನ್ನ ತುಂಬಾಕ ಎರಡು ದಿನ ಅಂಗಡಿ ಬಂದ್ ಮಾಡ್ಬೇಕು. ಬರೋದೆಷ್ಟು ಅದ್ರಾಗ?’ ಅಂದ. ಅವನ ಲೆಕ್ಕ ಸರಿಯಿತ್ತು. ನಮ್ಮ ಕಾಯ್ದೆಗೆ 2018ರಲ್ಲಿ ತಿದ್ದುಪಡಿ ತಂದು ಫ್ಲ್ಯಾಟಿಗೆ ಮುಂಗಡ ಕೊಟ್ಟವರನ್ನು ಬ್ಯಾಂಕುಗಳ ಸಾಲಿಗೆ ಸೇರಿಸಿದರು, ಒಳ್ಳೆಯದೇ. ಇಡ್ಲಿ ಕೊಟ್ಟವನಿಗೆ ಆ ಸಮಿತಿಯಲ್ಲಿ ಓಟಿಲ್ಲ.

ಅಭಿಮಾನಿಗೂ ಇಲ್ಲ. ಆದರೆ ಅಭಿಮಾನಿ ಸಾಲ ಕೊಟ್ಟವನಲ್ಲವಲ್ಲ. ಟಿಕೆಟ್ಟಿಗೆ ಪಂದ್ಯ ಸಿಕ್ಕಿತು, ದುಡ್ಡಿಗೆ ಜೆರ್ಸಿ ಸಿಕ್ಕಿತು, ವ್ಯವಹಾರ ಚುಕ್ತಾ. ಬಾಕಿ ಏನಾದರೂ ಇದ್ದರೆ ಅದು ಬೇರೆ ಖಾತೆಯದು. ಕನ್ನಡದಲ್ಲಿ ಅದಕ್ಕೆ ಬೇರೆ ಪದವೇ ಇದೆ. ಸಾಲ ಕಾಗದದ ಮೇಲಿರುತ್ತದೆ, ಕೋರ್ಟು ಅದನ್ನು ಮನ್ನಾ ಮಾಡಬಹುದು. ಋಣಕ್ಕೆ ಕಾಗದವಿಲ್ಲ. ಅನ್ನದ ಋಣ, ಊರಿನ ಋಣ ಅನ್ನುತ್ತೇವೆ. ಯಾರೂ ಕೇಳಲು ಬರುವುದಿಲ್ಲ, ಆದರೂ ಇದೆ.

ಋಣದ ಪ್ರಶ್ನೆ ಅತ್ಯಂತ ನಿಚ್ಚಳವಾಗಿ ಕಾಣುವುದು ಸ್ಕಾಟ್ಲೆಂಡಿನ ರೇಂಜರ್ಸ್ ಕ್ಲಬ್ಬಿನಲ್ಲಿ. 2012ರ ಫೆಬ್ರವರಿಯಲ್ಲಿ ಅದು ಆಡಳಿತಾಧಿಕಾರಿಗಳ ಕೈಗೆ ಹೋಯಿತು. ಜೂನ್‌ನಲ್ಲಿ ತೆರಿಗೆ ಇಲಾಖೆ ರಾಜಿಗೆ ಒಪ್ಪಲಿಲ್ಲ. ಹಳೆಯ ಕಂಪನಿ ಸಮಾಪನೆಗೆ. ಕ್ರೀಡಾಂಗಣ, ಹೆಸರು ಎಲ್ಲ ಸೇರಿ 55 ಲಕ್ಷ ಪೌಂಡಿಗೆ ಹೊಸ ಕಂಪನಿಗೆ. ನಾಲ್ಕನೆಯ ದರ್ಜೆಯಿಂದ ಮತ್ತೆ ಶುರು. ಆ ದರ್ಜೆಯಲ್ಲಿ ತವರಿನ ಮೊದಲ ಲೀಗ್ ಪಂದ್ಯಕ್ಕೆ 49,118 ಜನ ಬಂದರು. ಈ ಅಂಕಿಯನ್ನು ನೋಡಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಇದಕ್ಕಿಂತ ದೊಡ್ಡ ನಿಷ್ಠೆ ಏನಿದ್ದೀತು? 2021ರಲ್ಲಿ ಮತ್ತೆ ಚಾಂಪಿಯನ್ ಆದಾಗ ಅವರು ಎಣಿಸಿದ್ದು 55ನೆಯ ಪ್ರಶಸ್ತಿ ಎಂದು. ಅಂದರೆ ಹಿಂದಿನ 54 ನಮ್ಮವೇ. ಎದುರಾಳಿ ಸೆಲ್ಟಿಕ್‌ನವರು ಒಪ್ಪುವುದಿಲ್ಲ: ಹಳೆಯ ರೇಂಜರ್ಸ್ 2012ರಲ್ಲೇ ಸತ್ತಿತು, ಇದು ಬೇರೆ ಎನ್ನುತ್ತಾರೆ.

ಅದೇ ಕ್ಲಬ್ಬೋ ಬೇರೆಯದೋ ಎಂಬ ಜಗಳದಲ್ಲಿ ನಾನು ರೇಂಜರ್ಸ್‌ನವರ ಪಕ್ಷ. ಕಂಪನಿ ಎಂಬುದು ರಿಜಿಸ್ಟ್ರಾರ್ ಕೊಟ್ಟ ನಂಬರು. ಕ್ಲಬ್ಬು ಎಂಬುದು ಆ 49,118 ಜನ. ಆದರೆ ಹಾಗೆ ಒಪ್ಪಿದರೆ ಮುಂದಿನದನ್ನೂ ಒಪ್ಪಬೇಕಾಗುತ್ತದೆ. ಹಳೆಯ ಕಂಪನಿಯ ಬಾಕಿ ಪಟ್ಟಿಯಲ್ಲಿ ಮಕ್ಕಳ ಮುಖಕ್ಕೆ ಬಣ್ಣ ಬಳಿಯುವ ಒಬ್ಬಾಕೆಯಿದ್ದಳು, ಬರಬೇಕಾದದ್ದು 40 ಪೌಂಡ್. 54 ಪ್ರಶಸ್ತಿಗಳು ಹೊಳೆ ದಾಟಿ ಬಂದವು, 40 ಪೌಂಡು ಆ ದಡದಲ್ಲೇ ಉಳಿಯಿತು.

ನಮ್ಮ ಹಳೆಯ ಹಿಂದೂ ಕಾನೂನಿನಲ್ಲಿ ಹೀಗೆ ನಡೆಯುತ್ತಿರಲಿಲ್ಲ. ದುರ್ವ್ಯಸನಕ್ಕೆ ಮಾಡಿದ್ದಲ್ಲದಿದ್ದರೆ ಅಪ್ಪನ ಸಾಲ ತೀರಿಸುವುದು ಮಗನ ಧರ್ಮ. ಕೋರ್ಟುಗಳೂ ಅದನ್ನು ಎತ್ತಿಹಿಡಿಯುತ್ತಿದ್ದವು. 2005ರ ತಿದ್ದುಪಡಿ ಆ ಹೊಣೆಯನ್ನು ತೆಗೆದುಹಾಕಿತು. ತೆಗೆದದ್ದು ಸರಿಯೇ, ಸಾಲಕ್ಕೆ ಜೀತವಿದ್ದವರ ಕಥೆಗಳನ್ನು ನಮ್ಮೂರ ಕಡೆ ನಾನೂ ಕೇಳಿದ್ದೇನೆ. ಆದರೂ ಅಪ್ಪನ ಬಂಗಾರದ ಪದಕವನ್ನು ಗೋಡೆಗೆ ತೂಗುಹಾಕಿ, ಅಪ್ಪ ಬಾಕಿ ಉಳಿಸಿದ್ದ ಕಿರಾಣಿ ಅಂಗಡಿಯ ಮುಂದೆ ತಲೆ ಎತ್ತಿ ನಡೆಯುವ ಮಗನ ಬಗ್ಗೆ ಊರಿನವರು ಏನನ್ನುತ್ತಿದ್ದರು ಎಂಬುದೂ ಗೊತ್ತು.

ಇದನ್ನೆಲ್ಲ ನಮ್ಮ ಟೀಮಿನ ಬಂಗಾಳಿ ಗೆಳೆಯನೊಬ್ಬನಿಗೆ ಊಟದ ಹೊತ್ತಲ್ಲಿ ಹೇಳಿದೆ. ಅವನು ಮೋಹನ್ ಬಗಾನ್ ಭಕ್ತ. 2020ರಲ್ಲಿ ಕ್ಲಬ್ಬಿನ ಹೆಸರಿನ ಮುಂದೆ ಎಟಿಕೆ ಎಂದು ಅಂಟಿಸಿದ್ದನ್ನು ಅಭಿಮಾನಿಗಳು ಮೂರು ವರ್ಷ ಹೋರಾಡಿ ತೆಗೆಸಿದರಲ್ಲ, ಅವರಲ್ಲೊಬ್ಬ. ಅವನ ವಾದ: ‘ಸಿನಿಮಾ ನೋಡಿದವನು ನಿರ್ಮಾಪಕನ ಸಾಲ ತೀರಿಸುತ್ತಾನಾ? ದುಡ್ಡು ನುಂಗಿದವನು ಮಾಲೀಕ. ನಮ್ಮನ್ನೇಕೆ ಎಳೆಯುತ್ತೀಯ?’ ಗಟ್ಟಿ ವಾದ. ಆದರೆ ಸಿನಿಮಾ ನೋಡಿ ಹೊರಬಂದವನು ‘ನಾವು ಚೆನ್ನಾಗಿ ನಟಿಸಿದೆವು’ ಅನ್ನುವುದಿಲ್ಲ. ಇನ್ನೊಂದು, ಪ್ರತಿ ಟ್ರಾನ್ಸ್‌ಫರ್ ಅವಧಿಯಲ್ಲಿ ಮಾಲೀಕನ ಮೇಲೆ ಮುಗಿಬೀಳುವವರು ಯಾರು? ಅವನನ್ನು ಕೊಳ್ಳು, ಇವನನ್ನು ಕೊಳ್ಳು, ಜಿಪುಣಾಗ್ರೇಸರ, ಕ್ಲಬ್ಬು ಬಿಟ್ಟು ತೊಲಗು. ಲೀಡ್ಸ್ ಯುನೈಟೆಡ್ ಮುಂದಿನ ವರ್ಷಗಳ ಟಿಕೆಟ್ ಆದಾಯವನ್ನೇ ಅಡವಿಟ್ಟು 6 ಕೋಟಿ ಪೌಂಡ್ ಸಾಲ ತಂದು ಆಟಗಾರರನ್ನು ಕೊಂಡಿತು. 2001ರಲ್ಲಿ ಚಾಂಪಿಯನ್ಸ್ ಲೀಗ್ ಸೆಮಿಫೈನಲ್; 2007ರಲ್ಲಿ ಮೂರನೆಯ ದರ್ಜೆ ಮತ್ತು ದಿವಾಳಿ. ಹಾಸಿಗೆ ಇದ್ದಷ್ಟೇ ಕಾಲು ಚಾಚು ಎಂದು ಬ್ಯಾನರ್ ಹಿಡಿದ ಅಭಿಮಾನಿಯನ್ನು ನಾನು ಯಾವ ಗ್ಯಾಲರಿಯಲ್ಲೂ ಕಂಡಿಲ್ಲ. ಗೆಳೆಯ ಇದಕ್ಕೆ ನಕ್ಕ, ಒಪ್ಪಲಿಲ್ಲ. ಮಾಲೀಕನ ಪಾಪವನ್ನು ಹಂಚಿಕೊಳ್ಳಲು ನಾನು ತಯಾರಿಲ್ಲ ಅಂದ. ಪಾಪ ಹಂಚಿಕೊಳ್ಳುವ ಮಾತನ್ನು ನಾನೂ ಆಡುತ್ತಿಲ್ಲ. ಪುಣ್ಯ ಹಂಚಿಕೊಳ್ಳಲು ಮೊದಲ ಸಾಲಿನಲ್ಲಿ ನಿಲ್ಲುವವರಿಗೆ ಬಾಕಿ ಪಟ್ಟಿಯನ್ನು ಒಮ್ಮೆ ಓದುವ ಬಾಧ್ಯತೆಯಾದರೂ ಇದೆಯೇ ಅಂತಷ್ಟೇ. ಇದೆ ಅನ್ನುವುದು ನನ್ನ ನಿಲುವು.

ಅಭಿಮಾನಿಗಳು ಬಾಯಿಮಾತಿನ ಆಚೆ ಹೋದದ್ದೂ ಉಂಟು. ಪೋರ್ಟ್ಸ್‌ಮತ್ ಎರಡನೆಯ ಸಲ ಮುಳುಗಿದಾಗ ಸಾಮಾನ್ಯ ಜನ ತಲಾ 1000 ಪೌಂಡಿನ ಷೇರು ಹಾಕಿ 2013ರಲ್ಲಿ ಕ್ಲಬ್ಬನ್ನೇ ಕೊಂಡರು. 2017ರಲ್ಲಿ ಓಟು ಹಾಕಿ ಹೊಸ ಮಾಲೀಕನಿಗೆ ಮಾರುವವರೆಗೂ ತಾವೇ ನಡೆಸಿದರು. 1885ರಲ್ಲಿ ಹುಟ್ಟಿದ, ಎರಡು ಸಲ ಎಫ್‌ಎ ಕಪ್ ಗೆದ್ದಿದ್ದ ಬರಿ ಎಂಬ ಚಿಕ್ಕ ಊರಿನ ಕ್ಲಬ್ಬಿನ ಕಥೆ ಇನ್ನೂ ಸಂಕಟದ್ದು. 2019ರ ಆಗಸ್ಟ್ 27 ಕೊನೆಯ ಗಡುವು. ಯಾರೋ ಕೊಳ್ಳುತ್ತಾರಂತೆ ಎಂಬ ಸುದ್ದಿ ನಂಬಿ ಆವತ್ತು ನೂರಾರು ಜನ ಪೊರಕೆ, ಬಕೆಟ್ಟು ಹಿಡಿದು ಗಿಗ್ ಲೇನ್ ಕ್ರೀಡಾಂಗಣಕ್ಕೆ ಬಂದು ಕುರ್ಚಿಗಳನ್ನು ಒರೆಸಿದರು. ಮಾರಾಟ ಮುರಿದುಬಿತ್ತು. ಅದೇ ರಾತ್ರಿ ಲೀಗಿನಿಂದ ಕ್ಲಬ್ಬನ್ನು ಹೊರಹಾಕಿದರು. ಪೊರಕೆ ಹಿಡಿದ ಆ ಜನ ‘ನಾವು’ ಅಂದರೆ ನಾನು ಮರುಮಾತಾಡುವುದಿಲ್ಲ.

ಇನ್ನು ಊರು ಬಿಟ್ಟ ಕ್ಲಬ್ಬಿನ ಮಾತು. ಲಂಡನ್ನಿನ ವಿಂಬಲ್ಡನ್ ಕ್ಲಬ್ಬನ್ನು 2003ರಲ್ಲಿ ಮಿಲ್ಟನ್ ಕೀನ್ಸ್‌ಗೆ ಎತ್ತಿಕೊಂಡು ಹೋದರು. ಒಪ್ಪದ ಅಭಿಮಾನಿಗಳು ಅದಕ್ಕೂ ಮೊದಲೇ, 2002ರಲ್ಲಿ, ಪಾರ್ಕೊಂದರಲ್ಲಿ ಟ್ರಯಲ್ಸ್ ನಡೆಸಿ ಆಟಗಾರರನ್ನು ಆರಿಸಿ ತಮ್ಮದೇ ಕ್ಲಬ್ಬು ಕಟ್ಟಿ, ಒಂಬತ್ತು ವರ್ಷದಲ್ಲಿ ಮತ್ತೆ ಲೀಗಿಗೆ ಬಂದರು. ವಲಸೆ ಹೋದ ಕ್ಲಬ್ಬು 2007ರಲ್ಲಿ ಹಳೆಯ ಟ್ರೋಫಿಗಳನ್ನೂ ಇತಿಹಾಸದ ಹಕ್ಕನ್ನೂ ಹಳೆಯ ಊರಿಗೆ ಬಿಟ್ಟುಕೊಟ್ಟಿತು. 1988ರ ಎಫ್‌ಎ ಕಪ್ಪಿನ ಪ್ರತಿಕೃತಿಯೂ ಅದರಲ್ಲಿತ್ತು.

ಹೈದರಾಬಾದಿನಲ್ಲಿ ಅಂಥ ಒಪ್ಪಂದ ಕೇಳುವಷ್ಟು ಗಟ್ಟಿಯಾಗಿ ನಾವು ಯಾರೂ ಇರಲಿಲ್ಲ. ನನ್ನ ಹಳದಿ ಜೆರ್ಸಿಯನ್ನು ಮಗಳು ಈಗ ಬ್ಯಾಡ್ಮಿಂಟನ್‌ಗೆ ಹಾಕಿಕೊಂಡು ಹೋಗುತ್ತಾಳೆ. 2022ರ ಆ ಕಪ್ಪು ಯಾವ ಊರಿನ ಕಪಾಟಿನಲ್ಲಿದೆಯೋ. ದೆಹಲಿಯ ಓದುಗರು ಯಾರಾದರೂ ಈ ಸಲ ಮ್ಯಾಚಿಗೆ ಹೋದರೆ ವಿಚಾರಿಸಿ ತಿಳಿಸಿ. ಹಾಗೇ ಗೇಟಿನಲ್ಲಿ ಟಿಕೆಟ್ ಹರಿಯುವ ಹುಡುಗನಿಗೂ ನೀರಿನ ಕ್ಯಾನ್ ತಂದು ಇಳಿಸುವವನಿಗೂ ತಿಂಗಳ ದುಡ್ಡು ಸರಿಯಾಗಿ ಸಿಗುತ್ತಿದೆಯಾ ಅಂತ ಒಂದು ಮಾತು ಕೇಳಿ ಬನ್ನಿ.