ಕೇಳದಿದ್ದರೂ ಹೇಳಬೇಕೇ?

ಸುಮಾರು ಮೂವತ್ತು ವರ್ಷಗಳಿಂದ ಮಕ್ಕಳಿಗೆ ‘ಸುಳ್ಳು ಹೇಳಬಾರದು’ ಎಂದು ಪಾಠ ಹೇಳುತ್ತಾ ಬಂದಿದ್ದೇನೆ. ಸುಳ್ಳು ಎಂದರೆ ಏನು ಎಂದು ನನ್ನನ್ನು ಕೂರಿಸಿ ಕೇಳಿದ್ದು ಮಾತ್ರ ಎರಡು ಕೋಳಿಗಳು. ನಗಬೇಡಿ, ನಡೆದದ್ದನ್ನು ಹೇಳುತ್ತೇನೆ.

ಹೊನ್ನೂರಿನ ನಮ್ಮ ಹಿತ್ತಲಿನಲ್ಲಿ ಅತ್ತೆಯವರ ಕಾಲದಿಂದಲೂ ನಾಲ್ಕಾರು ನಾಟಿ ಕೋಳಿಗಳು ಇದ್ದೇ ಇವೆ. ಅತ್ತೆ ಹೋದ ಮೇಲೆ ಅವುಗಳಿಗೆ ಕಾಳು ಹಾಕುವ ಕೆಲಸ ನನ್ನ ಪಾಲಿಗೆ ಬಂತು. ಕಳೆದ ಕಾರ್ತಿಕದಲ್ಲಿ, ಮೊಟ್ಟೆ ಕಡಿಮೆಯಾಯಿತೆಂದು ಸಂತೆಯಿಂದ ಇನ್ನೆರಡು ಹೇಂಟೆಗಳನ್ನು ತಂದೆ. ‘ಚೆಂದಾಗಿ ಮೊಟ್ಟೆ ಇಡ್ತವೆ ಕನವ್ವ’ ಎಂದಳು ಮಾರುವಾಕೆ. ನಾನು ಬೆಲೆಯಲ್ಲಿ ಇಪ್ಪತ್ತು ರೂಪಾಯಿ ಇಳಿಸಲು ಅರ್ಧ ಗಂಟೆ ವಾದಿಸಿದೆನೇ ಹೊರತು, ಅವುಗಳ ಆರೋಗ್ಯದ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಅದೇ ಸಂಜೆ ಹಳೆಯವುಗಳ ಜೊತೆಗೆ ಗೂಡಿಗೆ ಬಿಟ್ಟೆ. ತರಗತಿಯಲ್ಲಿ ಒಂದು ಮಗುವಿಗೆ ಕಣ್ಣು ಕೆಂಪಾದರೆ ಕೂಡಲೇ ಮನೆಗೆ ಕಳುಹಿಸುವ ನನಗೆ, ಹಿತ್ತಲಿಗೆ ಬರುವಾಗ ಆ ಬುದ್ಧಿ ಎಲ್ಲಿ ಹೋಗಿತ್ತೋ!

ನಾಲ್ಕನೆಯ ದಿನ ಹೊಸದೊಂದು ಸೀನಿತು. ಕೋಳಿಯೂ ಸೀನುತ್ತದೆ ಎಂದು ನಮ್ಮವರಿಗೆ ಹೇಳಿ ನಕ್ಕೆ. ಎರಡು ವಾರ ಕಳೆಯುವಷ್ಟರಲ್ಲಿ ಹಳೆಯವಕ್ಕೂ ಮೂಗು ಸೋರತೊಡಗಿತು. ಕಣ್ಣಿನ ಮೂಲೆಯಲ್ಲಿ ನೊರೆ, ರಾತ್ರಿಯಾದರೆ ಗೂಡಿನೊಳಗಿಂದ ಗೊರಗೊರ ಸದ್ದು. ಅತ್ತೆಯವರು ಕೈಯಲ್ಲಿ ಅನ್ನ ತಿನ್ನಿಸುತ್ತಿದ್ದ ಮುದಿ ಹೇಂಟೆ ಒಂದು ಬೆಳಿಗ್ಗೆ ಎದ್ದೇಳಲಿಲ್ಲ.

ಆಗ ಪಶುವೈದ್ಯರ ಬಳಿ ಹೋದೆ. ಅವರು ಬಂದು ನೋಡಿದರು. ‘ಕೊಕ್ಕರೆ ರೋಗವಾಗಿದ್ದರೆ ಇಷ್ಟು ಹೊತ್ತಿಗೆ ಗೂಡೇ ಖಾಲಿಯಾಗಿರುತ್ತಿತ್ತು’ ಎಂದರು. ರಾಣಿಖೇತ್ ಎಂದೂ ಹೆಸರಿರುವ ಆ ರೋಗ ವೈರಸ್ಸಿನದು. ಅದಕ್ಕೆ ಲಸಿಕೆ ಉಂಟು, ಔಷಧವಿಲ್ಲ. ನಮ್ಮವಕ್ಕೆ ಬಂದಿದ್ದು ಮೈಕೋಪ್ಲಾಸ್ಮಾ ಎಂಬ ಸೂಕ್ಷ್ಮಾಣುವಿನ ದೀರ್ಘಕಾಲದ ಉಸಿರಾಟದ ಕಾಯಿಲೆ ಇರಬೇಕೆಂದು ನೀರಿಗೆ ಬೆರೆಸುವ ಔಷಧ ಕೊಟ್ಟರು. ಜೊತೆಗೆ ಅವರು ಹೇಳಿದ ಮಾತು ನನ್ನ ನಿದ್ದೆ ಕೆಡಿಸಿತು. ಔಷಧದಿಂದ ಗೊರಗೊರ ನಿಲ್ಲುತ್ತದೆ, ಕೋಳಿ ಮೊದಲಿನಂತೆ ಓಡಾಡುತ್ತದೆ. ಆದರೆ ರೋಗಾಣು ಒಳಗೇ ಉಳಿದಿರುತ್ತದೆ. ಬೇರೆ ಕೋಳಿಗೆ ಹರಡುತ್ತದೆ, ಮೊಟ್ಟೆಯ ಮೂಲಕ ಮರಿಗೂ ಹೋಗಬಹುದು. ಪ್ರಯಾಣದ ದಣಿವು, ಹೊಸ ಜಾಗ, ಚಳಿ ಸೇರಿದರೆ ಅವಿತಿದ್ದದ್ದು ಮೇಲೆದ್ದು ಬರುತ್ತದೆ. ಹೊಸ ಕೋಳಿಯನ್ನು ಮೂರು ನಾಲ್ಕು ವಾರ ದೂರದಲ್ಲೇ ಇಟ್ಟು ನೋಡಬೇಕಿತ್ತು.

ಮೊದಲು ಬಂದದ್ದು ಸಂತೆಯಾಕೆಯ ಮೇಲೆ ಸಿಟ್ಟು. ಗೊತ್ತಿದ್ದೇ ತಲೆಗೆ ಕಟ್ಟಿದಳು ಎಂದುಕೊಂಡೆ. ಪಕ್ಕದ ಮನೆಯವರು ದಾರಿಯನ್ನೂ ತೋರಿಸಿದರು: ‘ಸದ್ದು ನಿಂತ ಮೇಲೆ ನೀವೂ ಸಂತೆಗೆ ಒಯ್ದುಬುಡಿ ಮೇಡಂ, ಯಾರು ಕೇಳ್ತಾರೆ?’

ಯಾರು ಕೇಳುತ್ತಾರೆ! ನಾನೂ ಕೇಳಿರಲಿಲ್ಲವಲ್ಲ. ಕೇಳದವರಿಗೆ ಹೇಳದಿದ್ದರೆ ಅದು ಸುಳ್ಳೇ? ಸಂತೆಯ ವಿಷಯ ಹಾಗಿರಲಿ. ವೈದ್ಯರು ಬರುವ ಮೂರು ದಿನ ಮೊದಲು ಹಿಂದಿನ ಬೀದಿಯ ಹೆಂಗಸೊಬ್ಬಳು ಕಾವಿಗೆ ಕೂರಿಸಲು ನನ್ನಿಂದ ಎಂಟು ಮೊಟ್ಟೆ ಒಯ್ದಿದ್ದಳು. ಕೂಲಿ ಮಾಡುವವಳು, ನಾಲ್ಕು ಕೋಳಿ ಮಾರಿದ ದುಡ್ಡು ಅವಳಿಗೆ ಮಗಳ ಪುಸ್ತಕ, ಬಟ್ಟೆ. ಎಲ್ಲ ಮೊಟ್ಟೆಯಲ್ಲೂ ರೋಗ ಇರಬೇಕೆಂದಿಲ್ಲ, ಎಂದು ಮನಸ್ಸು ಸಮಾಧಾನ ಹೇಳಿತು. ಮೇಷ್ಟ್ರಮ್ಮನೇ ರೋಗದ ಮೊಟ್ಟೆ ಕೊಟ್ಟಳು ಎಂಬ ಮಾತು ಊರಲ್ಲಿ ಹಬ್ಬಿದರೆ ಎಂಬ ಭಯವೂ ಇತ್ತು. ಹೀಗೆ ಎರಡು ದಿನ ಹೋಗದೇ ಕಳೆದೆ.

ನಮ್ಮ ಯಳಂದೂರು, ಕೊಳ್ಳೇಗಾಲದ ಸೀಮೆಯವರಿಗೆ ರೇಷ್ಮೆ ಹೊಸದಲ್ಲ. ಹುಳುಮನೆಗೆ ಹೊರಗಿನವರನ್ನು ಸುಲಭವಾಗಿ ಬಿಡುವುದಿಲ್ಲ. ರೇಷ್ಮೆಯಲ್ಲೂ ತಾಯಿ ಚಿಟ್ಟೆಯಿಂದ ಮೊಟ್ಟೆಗೆ ಇಳಿಯುವ ಪೆಬ್ರಿನ್ ಎಂಬ ರೋಗವಿದೆ. 1860ರ ದಶಕದಲ್ಲಿ ಫ್ರಾನ್ಸಿನ ಲೂಯಿ ಪಾಶ್ಚರ್ ಅದಕ್ಕೊಂದು ದಾರಿ ಕಂಡುಹಿಡಿದರು: ತಾಯಿ ಚಿಟ್ಟೆಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವುದು, ರೋಗ ಕಂಡರೆ ಅದರ ಮೊಟ್ಟೆಯನ್ನು ನಾಶಮಾಡುವುದು. ಇಂದಿಗೂ ರೈತನ ಕೈಗೆ ರೋಗರಹಿತ ಮೊಟ್ಟೆ ಬರುವುದು ಆ ದಾರಿಯಿಂದಲೇ. ಕೊಳ್ಳುವ ರೈತ ಪ್ರತಿ ಸಲ ಕೇಳುವುದಿಲ್ಲ. ಕೇಳಬೇಕಾಗಿ ಬಾರದಂತೆ ಕೊಡುವವರು ನೋಡಿರುತ್ತಾರೆ ಎಂಬ ನಂಬಿಕೆಯ ಮೇಲೆ ಅವನ ಬದುಕು ನಿಂತಿದೆ. ಇದನ್ನು ಏಳನೆಯ ತರಗತಿಯ ಮಕ್ಕಳಿಗೆ ವಿವರಿಸುತ್ತಿದ್ದಾಗಲೇ ನನ್ನ ನಾಲಿಗೆ ತಡವರಿಸಿತು. ಆ ದಿನ ಗಂಟೆ ಹೊಡೆದ ಕೂಡಲೇ ಹಿಂದಿನ ಬೀದಿಗೆ ನಡೆದೆ.

ಅವಳು ಪೂರ್ತಿ ಕೇಳಿಸಿಕೊಂಡಳು. ಕಾವು ಕೂತ ಹೇಂಟೆಯನ್ನು ಪಕ್ಕಕ್ಕೆ ಸರಿಸಿ ಮೊಟ್ಟೆಗಳನ್ನೆಲ್ಲ ತೆಗೆದಳು. ‘ಗೊತ್ತಾದ ದಿನವೇ ಹೇಳಿದ್ರಾಗಿತ್ತಲ್ಲ ಮೇಡಂ. ಬ್ಯಾರೆ ಮೊಟ್ಟೆ ಮಡಗ್ತಿದ್ದೆ’ ಎಂದಳು. ಬೈಯಲಿಲ್ಲ, ಬೈದಿದ್ದರೆ ಹಗುರವಾಗುತ್ತಿತ್ತು. ಮಾರನೆಯ ದಿನ ಬೇರೆ ಊರಿನಿಂದ ಎಂಟು ಮೊಟ್ಟೆ ತರಿಸಿಕೊಟ್ಟೆ. ಕಾವಿನ ಆ ಐದು ದಿನಗಳನ್ನು ತಂದುಕೊಡಲು ನನ್ನಿಂದಾಗಲಿಲ್ಲ.

ಸಂತೆಯಾಕೆಗೆ ನಿಜ ಗೊತ್ತಿತ್ತೋ ಇಲ್ಲವೋ, ನನಗೆ ಇಂದಿಗೂ ತಿಳಿಯದು. ನೋಡಲು ಚೆನ್ನಾಗಿದ್ದ ಕೋಳಿಯನ್ನು ಒಳ್ಳೆಯ ಮನಸ್ಸಿನಿಂದಲೇ ಮಾರಿರಬಹುದು. ಆದರೆ ನನಗಂತೂ ಗೊತ್ತಿತ್ತು, ಗೊತ್ತಿದ್ದೂ ಎರಡು ದಿನ ಸುಮ್ಮನಿದ್ದೆ. ಹಾಗಾದರೆ ನಮ್ಮಿಬ್ಬರಲ್ಲಿ ದೊಡ್ಡ ತಪ್ಪು ಯಾರದು? ನೀವೇ ಹೇಳಿ. ತಿಳಿಯದೆ ಕೊಟ್ಟದ್ದು ದುರದೃಷ್ಟ. ತಿಳಿದ ಮೇಲೆ ಸುಮ್ಮನಿದ್ದ ಪ್ರತಿ ಗಳಿಗೆಯೂ ಸುಳ್ಳೇ, ಬಾಯಿ ತೆರೆಯದೆ ಹೇಳಿದ ಸುಳ್ಳು.

ಉಳಿದ ಕೋಳಿಗಳು ಈಗ ಲವಲವಿಕೆಯಿಂದಿವೆ. ಔಷಧದ ದಿನಗಳು ಮುಗಿದ ಮೇಲೆ ಅವುಗಳ ಮೊಟ್ಟೆಯನ್ನು ಬೇಯಿಸಿ ನಾವೇ ತಿನ್ನುತ್ತೇವೆ. ಒಂದನ್ನೂ ಮಾರುವುದಿಲ್ಲ, ಕಾವಿಗೆ ಕೊಡುವುದಿಲ್ಲ. ಗೂಡು ತಾನಾಗಿ ಖಾಲಿಯಾಗುವವರೆಗೆ ಹೊಸದನ್ನು ತರುವುದೂ ಇಲ್ಲ. ಬೇಲಿಯಾಚೆ ನಿಂತು ‘ಕೋಳಿ ಚೆನ್ನಾಗಿವೆಯಲ್ಲ ಮೇಡಂ, ಒಂದು ಕೊಡಿ’ ಎಂದು ಯಾರಾದರೂ ಕೇಳಿದರೆ, ಅವರು ಕೇಳದ ಸಂಗತಿಯನ್ನೇ ಮೊದಲು ಹೇಳುತ್ತೇನೆ.