ಹಗಲಿನಲ್ಲಿ ಉರಿಯುವ ದೀಪ

ಯಾರ ಜೇಬಿನಿಂದಲೂ ನೇರವಾಗಿ ಹಣ ಹೋಗದ ಅಪವ್ಯಯಕ್ಕೆ ಹೊಣೆ ಯಾರು? ಮುಳಬಾಗಿಲು ತಾಲ್ಲೂಕಿನ ಬೈರಕೂರಿನ ಕಡೆಗೆ ವ್ಯಾಪಾರ ನಿಮಿತ್ತ ಹೋಗಿದ್ದಾಗ ಈ ಪ್ರಶ್ನೆ ನನ್ನನ್ನು ಕಾಡಿತು. ದಾರಿಯ ಹಳ್ಳಿಯೊಂದರಲ್ಲಿ ಮಟಮಟ ಮಧ್ಯಾಹ್ನ ಬೀದಿದೀಪಗಳು ಉರಿಯುತ್ತಿದ್ದವು. ಅದೇ ಬೀದಿಯಲ್ಲಿ ತಾಯಂದಿರು ಬಿಂದಿಗೆ ಸಾಲಿಟ್ಟು ನಲ್ಲಿಯ ನೀರಿಗೆ ಕಾದಿದ್ದರು. ದೀಪ ಆರಿಸಬಾರದೇ ಎಂದು ಒಬ್ಬರನ್ನು ಕೇಳಿದೆ. "ಅದು ಪಂಚಾಯ್ತಿ ಕರೆಂಟು ಸ್ವಾಮಿ, ನಮಗೇನು?" ಎಂದರು.

1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರ ಹರಿದು ಬಂದದ್ದು ಕೋಲಾರದ ಚಿನ್ನದ ಗಣಿಗಳಿಗಾಗಿ. ಇಂದು ಈ ಜಿಲ್ಲೆಯಲ್ಲಿ ವಿದ್ಯುತ್ತು ಭೂಮಿಯಿಂದ ಎತ್ತಬೇಕಾದುದು ನೀರನ್ನು. ಇಲ್ಲಿ ಜೀವನದಿಯಿಲ್ಲ, ಕೊಳವೆಬಾವಿಗಳು ಸಾವಿರ ಅಡಿ ಮುಟ್ಟಿವೆ.

ಲೆಕ್ಕದ ಮನುಷ್ಯನಾದ ನಾನು ಲೆಕ್ಕ ಹಾಕಿದೆ. ಸಾವಿರ ಲೀಟರ್ ನೀರನ್ನು 300 ಮೀಟರ್ ಆಳದಿಂದ ಎತ್ತಲು ಕನಿಷ್ಠ 0.8 ಯೂನಿಟ್ ಬೇಕು. ಪಂಪಿನ ನಷ್ಟ ಸೇರಿದರೆ ಸುಮಾರು 1.6. ಚೋಕ್ ಸಹಿತ 50 ವಾಟ್ ಎಳೆಯುವ ನೂರು ಟ್ಯೂಬ್‌ಲೈಟುಗಳು ಹಗಲು ಹನ್ನೆರಡು ಗಂಟೆ ಉರಿದರೆ 60 ಯೂನಿಟ್ ವ್ಯರ್ಥ. ಅಷ್ಟರಲ್ಲಿ 36,000 ಲೀಟರ್ ನೀರೆತ್ತಬಹುದು. ತಲೆಗೆ 55 ಲೀಟರಿನಂತೆ ಅದು ಸುಮಾರು 650 ಜನರ ದಿನದ ನೀರು.

ಶ್ರಾವಕನ ಗುಣವ್ರತಗಳಲ್ಲಿ ಅನರ್ಥದಂಡವಿರತಿ ಒಂದು. ನೆಲ, ನೀರು, ಬೆಂಕಿ, ಗಾಳಿಗಳ ನಿಷ್ಪ್ರಯೋಜಕ ಬಳಕೆಯನ್ನು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪ್ರಮಾದಚರ್ಯೆ ಎಂದು ಗಣಿಸಿದ್ದಾರೆ. ರಾತ್ರಿ ಹಾವು ಚೇಳುಗಳಿಂದ ದಾರಿಹೋಕನನ್ನು ಕಾಯುವ ದೀಪಕ್ಕೆ ಪ್ರಯೋಜನವುಂಟು, ಹಗಲಿನ ದೀಪಕ್ಕಿಲ್ಲ. ಒಡೆಯರು ಹಲವರಾದ ಮಾತ್ರಕ್ಕೆ ದೋಷ ಹಂಚಿಹೋಗಿ ಕರಗುವುದಿಲ್ಲ.

ಸೌರಶಕ್ತಿ ತಂದರೆ ಎಲ್ಲವೂ ಪರಿಹಾರವಾಯಿತೆಂದು ಕೆಲವರು ಹೇಳುತ್ತಾರೆ. ಸೌರಶಕ್ತಿ ಬೇಕು, ನಿಜ. ಆದರೆ ಬಿಸಿಲು ಪುಕ್ಕಟೆಯೆಂದು ಪಂಪನ್ನು ದಿನವಿಡೀ ಓಡಿಸಿದರೆ ಕೊಳವೆಬಾವಿ ಬೇಗ ಬತ್ತುತ್ತದೆ. ಶಕ್ತಿ ಶುದ್ಧವಾದರೂ ಪ್ರಮಾದ ಶುದ್ಧವಾಗದು. ಮೊದಲು ಮಿತ, ಅನಂತರ ಬದಲಾವಣೆ ಎಂಬುದೇ ಸರಿಯಾದ ಕ್ರಮ.

1992ರ 73ನೆಯ ಸಂವಿಧಾನ ತಿದ್ದುಪಡಿಯು ಸೇರಿಸಿದ ಹನ್ನೊಂದನೆಯ ಅನುಸೂಚಿಯಲ್ಲಿ, ಪಂಚಾಯ್ತಿಗಳಿಗೆ ವಹಿಸಬಹುದಾದ 29 ವಿಷಯಗಳ ನಡುವೆ ಗ್ರಾಮೀಣ ವಿದ್ಯುದೀಕರಣವೂ ಅಸಾಂಪ್ರದಾಯಿಕ ಶಕ್ತಿಮೂಲಗಳೂ ಇವೆ. ಆದುದರಿಂದ ಗ್ರಾಮಸಭೆಯಲ್ಲಿ ನಾವು ಕೇಳಬಹುದು: ಬೀದಿದೀಪಕ್ಕೆ ಪ್ರತ್ಯೇಕ ಸ್ವಿಚ್ಚು ಮತ್ತು ಅದಕ್ಕೊಬ್ಬ ಹೊಣೆಗಾರ, ಪಂಪಿಗೆ ಮೀಟರು, ತಿಂಗಳ ಲೆಕ್ಕ ಫಲಕದ ಮೇಲೆ, ಸೋರುವ ಕೊಳವೆಯ ದುರಸ್ತಿ, ಬಳಿಕ ಎಲ್‌ಇಡಿ ದೀಪ ಮತ್ತು ಸೌರಫಲಕ.

ಕೇಳುವ ಮೊದಲು ಬಸದಿಯ ಆಡಳಿತ ಮಂಡಳಿಗಳು ತಮ್ಮ ವಿದ್ಯುತ್ ಬಿಲ್ಲನ್ನೊಮ್ಮೆ ತೆರೆದು ನೋಡಲಿ. ಉತ್ಸವ ಮುಗಿದ ಮೇಲೂ ಉರಿಯುವ ಅಲಂಕಾರ ದೀಪಗಳು ನಮ್ಮಲ್ಲಿಯೂ ಉಂಟಲ್ಲವೇ? ಅವನ್ನು ಆರಿಸಿದ ಕೈಗೆ ಪಂಚಾಯ್ತಿಯ ಬಾಗಿಲು ತಟ್ಟುವ ಅರ್ಹತೆ ತಾನಾಗಿ ಬರುತ್ತದೆ.