ಹೊಂದಾಣಿಕೆ

ನಲುವತ್ತು ದಾಟಿದವರ ಕನ್ನಡಕಕ್ಕೆ ನಮ್ಮಲ್ಲಿ ಚಾಳೀಸು ಎನ್ನುತ್ತಾರೆ. ಹಿಂದೂಸ್ಥಾನಿಯ ನಲುವತ್ತೇ ಆ ಮಾತಿನಲ್ಲಿದೆ. ಮಲೆಯಾಳದಲ್ಲಿ ಆ ತೊಂದರೆಗೇ ‘ವೆಳ್ಳೆಳುತ್ತ್’, ಬಿಳಿ ಅಕ್ಷರ, ಎಂದು ಹೆಸರು. ನಾವು ವಯಸ್ಸನ್ನು ಎಣಿಸಿದೆವು, ಅವರು ಮಾಸಿದ ಪುಟವನ್ನು ನೋಡಿದರು. ಈ ಒಂದು ವಿಷಯದಲ್ಲಿ ಅವರೇ ಮೇಲೆಂದು ಒಪ್ಪಲು ನನಗೆ ಸಂಕೋಚವಿಲ್ಲ.

ಕಣ್ಣಿಗೆ ಬಿದ್ದ ಬೆಳಕನ್ನು ಬಗ್ಗಿಸುವ ಕೆಲಸದಲ್ಲಿ ಸುಮಾರು ಮೂರನೇ ಎರಡು ಪಾಲನ್ನು ಹೊರಗಿನ ಕಾರ್ನಿಯಾವೇ ಮಾಡಿಬಿಡುತ್ತದೆ. ಆದರೆ ತೆಂಗಿನ ತುದಿಯಿಂದ ಕೈಯಲ್ಲಿರುವ ಕಾಗದಕ್ಕೆ ನೋಟ ಇಳಿದಾಗ ಆಕಾರ ಬದಲಿಸಬೇಕಾದದ್ದು ಒಳಗಿನ ಮಸೂರ. ಥಾಮಸ್ ಯಂಗ್ ಎಂಬಾತ ನೀರು ತುಂಬಿದ ಪುಟ್ಟ ಕೊಳವೆಯನ್ನು ತನ್ನ ಕಣ್ಣಿಗೇ ಒತ್ತಿ, ಕಾರ್ನಿಯಾದ ಶಕ್ತಿಯನ್ನು ಇಲ್ಲವಾಗಿಸಿ ನೋಡಿದ. ಆಗಲೂ ನೋಟ ಹತ್ತಿರಕ್ಕೂ ದೂರಕ್ಕೂ ಹೊಂದಿಕೊಂಡಿತೆಂದು 1801ರಲ್ಲಿ ಪ್ರಕಟಿಸಿದ. ಮಸೂರವೇ ಒಂದು ಸ್ನಾಯು ಎಂದು ಆತ ತಿಳಿದದ್ದು ಮಾತ್ರ ತಪ್ಪು. 1855ರಲ್ಲಿ ಹೆಲ್ಮ್‌ಹೋಲ್ಟ್ಸ್ ವಿವರಿಸಿದಂತೆ, ಮಸೂರವನ್ನು ಸುತ್ತಲೂ ನವಿರಾದ ಎಳೆಗಳು ಹಿಡಿದಿವೆ. ಉಂಗುರದಂತಿರುವ ಸಿಲಿಯರಿ ಸ್ನಾಯು ಸಂಕುಚಿಸಿದರೆ ಎಳೆಗಳು ಸಡಿಲವಾಗಿ ಮಸೂರ ತಾನಾಗಿ ಉಬ್ಬುತ್ತದೆ. ಸ್ನಾಯು ವಿರಮಿಸಿದರೆ ಎಳೆಗಳು ಬಿಗಿದು ಅದನ್ನು ಚಪ್ಪಟೆ ಮಾಡುತ್ತವೆ. ಅಂದರೆ ದೂರ ನೋಡುವುದು ಕಣ್ಣಿಗೆ ವಿಶ್ರಾಂತಿ. ದುಡಿಮೆಯಿರುವುದು ಹತ್ತಿರದ್ದನ್ನು ನೋಡುವುದರಲ್ಲಿ.

ಪಠ್ಯಪುಸ್ತಕಗಳು ಇದನ್ನು ‘ಹೊಂದಾಣಿಕೆ’ ಎನ್ನುತ್ತವೆ. 1956ರಿಂದ ಗಡಿಯ ಈಚೆ ಉಳಿದ ನಮಗೆ ಈ ಮಾತು ಹಿತವಲ್ಲ. ಹೊಂದಿಕೊಳ್ಳಿ ಎಂದರೆ ಬಿಟ್ಟುಕೊಡಿ ಎಂದೇ ಕೇಳಿಸುತ್ತದೆ. ಮಗಳು ತನ್ನ ಮಗನನ್ನು ಮಲೆಯಾಳ ಮಾಧ್ಯಮಕ್ಕೆ ಸೇರಿಸಿದಾಗ ಎರಡು ತಿಂಗಳು ನಾನು ಅವಳ ಮನೆಗೆ ಹೋಗಲಿಲ್ಲ. ಗಡಿ, ನಾಡು, ನುಡಿ ಎಂದು ಸಭೆಗಳಲ್ಲಿ ಮಾತಾಡಿದೆ. ಅದು ನಿಷ್ಠೆ ಎಂದುಕೊಂಡಿದ್ದೆ.

ಮಸೂರ ಜೀವಮಾನವಿಡೀ ಹೊಸ ಪದರಗಳನ್ನು ಸೇರಿಸಿಕೊಳ್ಳುತ್ತದೆ, ಹಳೆಯದನ್ನು ಬಿಸುಡುವುದಿಲ್ಲ. ಹುಟ್ಟುವ ಮೊದಲೇ ಮೂಡಿದ ಎಳೆಗಳು ಮುದುಕರಲ್ಲೂ ಅದರ ನಡುವಿನಲ್ಲಿ ಹಾಗೆಯೇ ಇವೆ. 10 ವರ್ಷದ ಹುಡುಗ 7-8 ಸೆಂಟಿಮೀಟರಿನಲ್ಲಿ ಹಿಡಿದ ಅಕ್ಷರವನ್ನು ಓದಬಲ್ಲ. 60ರ ಹೊತ್ತಿಗೆ ಮಸೂರ ಗಡುಸಾಗಿ ಆ ಅಂತರ ಸುಮಾರು ಒಂದು ಮೀಟರಿಗೆ ಸರಿಯುತ್ತದೆ. ಗಡುಸಾದದ್ದರಿಂದ ಅದು ತನ್ನ ನಡುವನ್ನು ಹೆಚ್ಚು ಕಾಪಾಡಿಕೊಂಡಂತಾಗಲಿಲ್ಲ. ಬಾಗುತ್ತಿದ್ದಾಗಲೂ ಅದೇ ನಡುವಿತ್ತು. ಹಾಗಾದರೆ ಬಾಗದಿರುವುದಕ್ಕೆ ನಾನು ನಿಷ್ಠೆಯೆಂಬ ಹೆಸರು ಕೊಟ್ಟದ್ದು ಯಾವ ಆಧಾರದಿಂದ?

ಹೋಲಿಕೆಯನ್ನು ತುಂಬ ಎಳೆಯಬಾರದು. ಉಬ್ಬಿದ ಮಸೂರ ಮತ್ತೆ ಚಪ್ಪಟೆಯಾಗುತ್ತದೆ. ಮನೆಯಲ್ಲಿ ಬಿಟ್ಟುಹೋದ ಮಾತು ಹಾಗೆ ಮರಳುವುದಿಲ್ಲ. ನನ್ನ ಭಯ ಸುಳ್ಳಲ್ಲ. ಆದರೆ ಆ ಎರಡು ತಿಂಗಳು ಮೊಮ್ಮಗನಿಗೆ ಕನ್ನಡದಲ್ಲಿ ಕತೆ ಹೇಳಬೇಕಾಗಿದ್ದವನು ನಾನು. ಮುನಿದು ದೂರ ಕುಳಿತವನೂ ನಾನೇ.

ಈಗ ಶನಿವಾರಗಳಲ್ಲಿ ಹೋಗುತ್ತೇನೆ. ಅವನು ತನ್ನ ಮಲೆಯಾಳ ಪಾಠವನ್ನು ನನ್ನ ಮೂಗಿನ ಹತ್ತಿರ ಹಿಡಿಯುತ್ತಾನೆ. ನಾನು ಚಾಳೀಸು ಹುಡುಕುತ್ತಿದ್ದರೆ, “ಅಜ್ಜಾ, ಅಕ್ಷರ ಬಿಳಿಯಾಯಿತಾ?” ಎಂದು ಕನ್ನಡದಲ್ಲಿಯೇ ಕೇಳುತ್ತಾನೆ.